ಕಡಲ ನಕ್ಷತ್ರಗಳ ಗುರುತು

ಸಮುದ್ರವನ್ನು ರತ್ನಾಕರವೆಂದು ಕರೆಯುವುದು ನಮ್ಮ ಕವಿಗಳ ವಾಡಿಕೆ. ಮುತ್ತು ಹವಳಗಳು ಅಲ್ಲಿ ದೊರೆಯುವುದರಿಂದ ಆ ಹೆಸರು ಅದಕ್ಕೆ ಸಲ್ಲುತ್ತದೆ. ಆದರೆ ಕಡಲಿನ ಒಡಲಲ್ಲಿ ರತ್ನಗಳಷ್ಟೇ ಅಲ್ಲ, ನಕ್ಷತ್ರಗಳೂ ಇವೆ. ಬಾನಿನ ನಕ್ಷತ್ರಗಳನ್ನು ಕಾಣಬೇಕಾದರೆ ಹಗಲು ಕಳೆದು ಕತ್ತಲೆ ಕವಿಯಬೇಕು. ಕಡಲ ನಕ್ಷತ್ರಗಳನ್ನು ಕಾಣಬೇಕಾದರೆ ನೀರು ಇಳಿದು ಬಂಡೆಗಳು ತಲೆಯೆತ್ತಬೇಕು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಆ ದಿನಗಳಲ್ಲಿ ಸಮುದ್ರವು ಬಹುದೂರ ಹಿಂದಕ್ಕೆ ಸರಿದು, ಇತರ ದಿನಗಳಲ್ಲಿ ಮುಚ್ಚಿಟ್ಟ ತನ್ನ ಸಂಸಾರವನ್ನು ಕೆಲವು ಗಳಿಗೆಗಳ ಕಾಲ ತೆರೆದು ತೋರಿಸುತ್ತದೆ.

ಹೀಗೆ ತೆರೆದುಕೊಳ್ಳುವ ತೀರಗಳಲ್ಲಿ ಉತ್ತರ ಅಮೆರಿಕದ ಪಶ್ಚಿಮ ತೀರವು ಹೆಸರಾದುದು. ಉತ್ತರದ ಅಲಾಸ್ಕದಿಂದ ಕೆನಡಾದ ಬ್ರಿಟಿಷ್ ಕೊಲಂಬಿಯ, ವಾಷಿಂಗ್ಟನ್, ಆರೆಗನ್‌ಗಳ ಮೂಲಕ ದಕ್ಷಿಣದ ಕ್ಯಾಲಿಫೋರ್ನಿಯದವರೆಗೆ ಚಾಚಿರುವ ಈ ಕರಾವಳಿಯಲ್ಲಿ ಶಾಂತಸಾಗರದ ತಣ್ಣನೆಯ ನೀರು ಕಲ್ಲುಬಂಡೆಗಳಿಗೆ ಅಪ್ಪಳಿಸುತ್ತಿರುತ್ತದೆ. ನಕ್ಷತ್ರಮೀನುಗಳ ವೈವಿಧ್ಯಕ್ಕೆ ಇದು ಜಗತ್ತಿನ ಅತ್ಯಂತ ಸಮೃದ್ಧವಾದ ಎಡೆಗಳಲ್ಲೊಂದು. ಇಳಿತದ ವೇಳೆಯಲ್ಲಿ ಅಲ್ಲಿನ ಬಂಡೆಗಳ ಸಂದುಗಳಲ್ಲಿ ನೇರಳೆ, ಕಿತ್ತಳೆ, ಕಂದು, ಕೆಂಪು ಬಣ್ಣದ ನಕ್ಷತ್ರಗಳು ಒಂದರ ಮೇಲೊಂದು ತೋಳು ಚಾಚಿ ಅಂಟಿಕೊಂಡಿರುವುದನ್ನು ಕಾಣಬಹುದು. ಕೈಯಲ್ಲಿ ಕ್ಯಾಮರಾ ಹಿಡಿದು ಇವುಗಳ ಜಾತಿಯನ್ನು ಗುರುತಿಸುತ್ತ, ಚಿತ್ರ ತೆಗೆಯುತ್ತ ಅಲೆಯುವವರು ಅಲ್ಲಿ ಅನೇಕರು. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ವಿನೋದದಂತೆ ತೋರುತ್ತದೆ. ಅದು ಬರಿಯ ವಿನೋದವಲ್ಲವೆಂಬುದು 2013ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಆ ಕಥೆಯನ್ನು ತಿಳಿಯುವುದಕ್ಕೆ ಮೊದಲು ಈ ಜೀವಿಯ ಪರಿಚಯ ಮಾಡಿಕೊಳ್ಳಬೇಕು.

ಹೆಸರಿನಲ್ಲಿ ಮೀನು ಎಂದಿದ್ದರೂ ನಕ್ಷತ್ರಮೀನು ಮೀನಲ್ಲ. ಅದಕ್ಕೆ ಬೆನ್ನೆಲುಬಿಲ್ಲ, ಈಜುರೆಕ್ಕೆಗಳಿಲ್ಲ, ಮಿದುಳೂ ಇಲ್ಲ. ಕಂಟಕಚರ್ಮಿಗಳೆಂಬ ವಂಶಕ್ಕೆ ಸೇರಿದ ಈ ಪ್ರಾಣಿಯ ಹತ್ತಿರದ ನಂಟರೆಂದರೆ ಮುಳ್ಳುಚೆಂಡಿನಂತಿರುವ ಅರ್ಚಿನ್ ಮತ್ತು ಕಡಲ ಸೌತೆ. ಜಗತ್ತಿನ ಸಮುದ್ರಗಳಲ್ಲಿ ಸುಮಾರು 1900 ಜಾತಿಯ ನಕ್ಷತ್ರಮೀನುಗಳಿವೆ. ಸಿಹಿನೀರಿನಲ್ಲಿ ಒಂದಾದರೂ ಇಲ್ಲ. ಇದರ ಮೈಯಲ್ಲಿ ರಕ್ತದ ಬದಲು ಸಮುದ್ರದ ನೀರನ್ನು ಬಹುವಾಗಿ ಹೋಲುವ ದ್ರವವಿರುತ್ತದೆ. ಬೆನ್ನಿನ ಮೇಲೆ, ನಡುವಿಗಿಂತ ತುಸು ಪಕ್ಕಕ್ಕೆ, ಸಣ್ಣ ಗುಂಡಿಯಂಥದೊಂದು ಫಲಕವಿದೆ. ಜರಡಿಯಂತಿರುವ ಈ ಫಲಕದ ಮೂಲಕ ಹೊರಗಿನ ನೀರಿಗೆ ಸಂಪರ್ಕವಿರುವ ನಾಳಗಳು ತೋಳು ತೋಳಿಗೂ ಹರಡಿಕೊಂಡಿವೆ. ತೋಳುಗಳ ಅಡಿಯಲ್ಲಿ ಸಾಲುಸಾಲಾಗಿರುವ ನೂರಾರು ನಾಳಪಾದಗಳು ಈ ನೀರಿನ ಒತ್ತಡದಿಂದಲೇ ಚಾಚಿಕೊಳ್ಳುತ್ತವೆ. ಪ್ರತಿಯೊಂದು ತೋಳಿನ ತುದಿಯಲ್ಲಿ ಬೆಳಕು ಕತ್ತಲೆಗಳನ್ನು ಬಲ್ಲ ಒಂದು ಕಣ್ಣಚುಕ್ಕೆಯುಂಟು. ಬಾಯಿ ಇರುವುದು ಹೊಟ್ಟೆಯ ಕೆಳಗೆ. ಚಿಪ್ಪುಜೀವಿಯೊಂದು ಸಿಕ್ಕಿದರೆ ನಕ್ಷತ್ರಮೀನು ಅದನ್ನು ತೋಳುಗಳಿಂದ ತಬ್ಬಿ, ಚಿಪ್ಪಿನ ಎರಡು ಹೋಳುಗಳನ್ನು ಎಳೆದು, ಕೂದಲೆಳೆಯಷ್ಟು ಸಂದು ದೊರೆತೊಡನೆ ತನ್ನ ಜಠರವನ್ನೇ ಹೊರಚಾಚಿ ಒಳಗೆ ತೂರಿಸುತ್ತದೆ. ಊಟವನ್ನು ಹೊಟ್ಟೆಗೆ ತರುವುದರ ಬದಲು ಹೊಟ್ಟೆಯನ್ನೇ ಊಟದ ಬಳಿಗೆ ಒಯ್ಯುವ ಪ್ರಾಣಿಯಿದು!

ಇನ್ನು ಜಾತಿಯನ್ನು ಗುರುತಿಸುವ ಬಗೆ. ಹೊಸಬರು ಮೊದಲು ನೋಡುವುದು ಬಣ್ಣವನ್ನು. ಮೊದಲು ಮೋಸಹೋಗುವುದೂ ಬಣ್ಣದಿಂದಲೇ. ಈ ತೀರದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಾಣಸಿಗುವುದು ಪೈಸಾಸ್ಟರ್ ಆಕ್ರೇಸಿಯಸ್. ಹೆಸರಿನ ಎರಡನೆಯ ಭಾಗಕ್ಕೆ ಕಾವಿಬಣ್ಣದ್ದು ಎಂದರ್ಥವಾದುದರಿಂದ ಇದನ್ನು ಕಾವಿ ನಕ್ಷತ್ರವೆನ್ನಬಹುದು. 1835ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತವರು ಕಾವಿಬಣ್ಣವನ್ನು ಇದರ ಲಕ್ಷಣವಾಗಿ ಹಿಡಿದರು. ಆದರೆ ಅದೇ ಬಂಡೆಯ ಮೇಲೆ ಅದೇ ಜಾತಿಯ ನೇರಳೆ, ಕಂದು, ಕಡುಗಿತ್ತಳೆ ಬಣ್ಣದ ಪ್ರಾಣಿಗಳೂ ಒತ್ತಾಗಿ ಕುಳಿತಿರುತ್ತವೆ. ವ್ಯಾಂಕೋವರ್ ದ್ವೀಪದ ಮರೆಯಲ್ಲಿರುವ ಒಳನೀರಿನಲ್ಲಂತೂ ಬಹುತೇಕ ಎಲ್ಲವೂ ನೇರಳೆ. ಹೆಸರು ಹೇಳುವ ಬಣ್ಣವೊಂದು, ಕಣ್ಣಿಗೆ ಕಾಣುವ ಬಣ್ಣ ಇನ್ನೊಂದು. ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಬೆನ್ನಿನ ಮೇಲಿರುವ ಬಿಳಿಯ ಮೊಂಡು ಮುಳ್ಳುಗಳನ್ನು ನೋಡಬೇಕು. ಅವು ಚೆಲ್ಲಿದ ಸಾಸಿವೆಯಂತೆ ಹರಡಿಲ್ಲ. ಬಲೆಯ ಹೆಣಿಗೆಯಂತೆ ಒಂದಕ್ಕೊಂದು ಸೇರಿಕೊಂಡು, ನಡುಮೈಯಲ್ಲಿ ಅನೇಕ ವೇಳೆ ಐದು ಮೂಲೆಯ ಆಕೃತಿಯೊಂದನ್ನು ರಚಿಸುತ್ತವೆ. ಬಣ್ಣ ಬೇರೆಯಾದರೂ ಈ ಹೆಣಿಗೆ ಬೇರೆಯಾಗುವುದಿಲ್ಲ.

ಇದೇ ತೀರದ ಎವಾಸ್ಟೀರಿಯಾಸ್ ಎಂಬುದು ಕಾವಿ ನಕ್ಷತ್ರದ ದಾಯಾದಿಯಂತಿದೆ. ಅದಕ್ಕೂ ಐದು ತೋಳು, ಅದರ ಬಣ್ಣವೂ ಕಿತ್ತಳೆ, ಕಂದು, ನೀಲಿಬೂದು ಎಂದು ನಾನಾ ಬಗೆ. ಅನುಭವಸ್ಥರೂ ಒಮ್ಮೊಮ್ಮೆ ಇವೆರಡನ್ನು ಅದಲುಬದಲು ಮಾಡುವುದುಂಟು. ಆದರೆ ಅದರ ನಡುಮೈ ಚಿಕ್ಕದು, ತೋಳು ಉದ್ದ ಮತ್ತು ಸಪೂರ. ತೋಳಿನ ಅತಿ ಅಗಲವಾದ ಭಾಗ ಬುಡದಲ್ಲಿರದೆ ಬುಡದಿಂದ ತುಸು ಆಚೆಗಿರುತ್ತದೆ. ಆದ್ದರಿಂದ ತಜ್ಞರು ನಕ್ಷತ್ರಮೀನಿನಲ್ಲಿ ಎರಡು ಅಳತೆಗಳನ್ನು ತೆಗೆದುಕೊಳ್ಳುತ್ತಾರೆ: ನಡುಮೈಯ ಕೇಂದ್ರದಿಂದ ತೋಳಿನ ತುದಿಗೆ ಎಷ್ಟು ದೂರ, ಅದೇ ಕೇಂದ್ರದಿಂದ ಎರಡು ತೋಳುಗಳ ನಡುವಣ ಕಣಿವೆಗೆ ಎಷ್ಟು ದೂರ. ಪ್ರಾಣಿ ಬೆಳೆದಂತೆ ಅಳತೆಗಳು ಹೆಚ್ಚುತ್ತವೆ. ಆದರೆ ಅವುಗಳ ನಡುವಣ ಪ್ರಮಾಣ ಬಣ್ಣದಷ್ಟು ಚಂಚಲವಲ್ಲ. ಮೊಂಡು ತೋಳುಗಳ ನಡುವೆ ಜಾಲವಿದ್ದಂತೆ ತೋರುವ ಬಾವಲಿ ನಕ್ಷತ್ರದಲ್ಲಿ ಈ ಪ್ರಮಾಣ ಕಡಿಮೆ. ಬೆರಳಿನಂಥ ತೋಳುಗಳ ರಕ್ತ ನಕ್ಷತ್ರದಲ್ಲಿ ಹೆಚ್ಚು.

ತೋಳುಗಳನ್ನು ಎಣಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಎಣಿಸಬೇಕಾದುದೇ. ಬಂಡೆಗಳ ಅಡಿಯಲ್ಲಿ ಅಡಗಿರುವ ಲೆಪ್ಟಾಸ್ಟೀರಿಯಾಸ್ ಎಂಬ ಪುಟ್ಟ ನಕ್ಷತ್ರಕ್ಕೆ ಆರು ತೋಳು. ಚಳಿಗಾಲದಲ್ಲಿ ತಾಯಿಯು ಮೈಯನ್ನು ಕಮಾನಿನಂತೆ ಬಾಗಿಸಿ, ತನ್ನ ಬಾಯಿಯ ಕೆಳಗೆ ಮೊಟ್ಟೆಗಳನ್ನು ವಾರಗಟ್ಟಲೆ ಕಾಯುತ್ತದೆ. ಆ ಕಾಲದಲ್ಲಿ ಅದು ಊಟವನ್ನೂ ಮಾಡುವುದಿಲ್ಲ. ಸೊಲಾಸ್ಟರ್ ಕುಲದ ಸೂರ್ಯ ನಕ್ಷತ್ರಗಳಿಗೆ ಹತ್ತು, ಹನ್ನೆರಡು ತೋಳುಗಳಿರುವುದುಂಟು. ಆದರೆ ನಕ್ಷತ್ರಮೀನಿನ ತೋಳು ಮುರಿದರೆ ಮತ್ತೆ ಬೆಳೆಯುತ್ತದೆ. ಗಾಯಗೊಂಡ ಎಡೆಯಲ್ಲಿ ಒಮ್ಮೊಮ್ಮೆ ಒಂದಕ್ಕೆ ಎರಡಾಗಿ ಚಿಗುರುವುದೂ ಉಂಟು. ನಾಲ್ಕು ತೋಳಿನ ಅಥವಾ ಆರು ತೋಳಿನ ಕಾವಿ ನಕ್ಷತ್ರವನ್ನು ಕಂಡು ಹೊಸ ಜಾತಿಯೊಂದು ಸಿಕ್ಕಿತೆಂದು ಹಿಗ್ಗುವುದು ಅವಸರವೇ ಸರಿ. ಒಂದೇ ಲಕ್ಷಣವನ್ನು ನಂಬಿ ಹೆಸರು ಹೇಳುವವನು, ಉಡುಪನ್ನು ಮಾತ್ರ ನೋಡಿ ಮನುಷ್ಯನನ್ನು ಗುರುತಿಸುವವನಂತೆ.

ಚರ್ಮ ನಕ್ಷತ್ರವೆಂಬ ಡರ್ಮಾಸ್ಟೀರಿಯಾಸ್‌ಗೆ ಮುಳ್ಳುಗಳೇ ಇಲ್ಲ. ನೆನೆದ ತೊಗಲಿನಂತೆ ನುಣುಪಾದ ಮೈ, ಅದರ ಮೇಲೆ ಬೂದು ಮತ್ತು ಕೆಂಪು ಮಚ್ಚೆ. ಅದರ ಬಳಿಗೆ ಮೂಗನ್ನೊಯ್ದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಎಷ್ಟು ಬೆಲೆಯ ಕ್ಯಾಮರಾವಾದರೂ ಈ ಲಕ್ಷಣವನ್ನು ಹಿಡಿಯಲಾರದು! ಚಿತ್ರ ತೆಗೆಯುವವನ ಜೇಬಿನಲ್ಲಿ ಸಣ್ಣದೊಂದು ಪುಸ್ತಕ, ಸೀಸದಕಡ್ಡಿ ಇರಬೇಕಾದುದು ಇದಕ್ಕಾಗಿಯೇ.

ಛಾಯಾಚಿತ್ರದ ಬೆಲೆ ಎಲ್ಲಿದೆಯೆಂಬುದನ್ನು ಇಲ್ಲಿ ವಿಚಾರಿಸಬಹುದು. ಹಿಂದಿನ ಕಾಲದ ಪ್ರಾಣಿವಿಜ್ಞಾನಿಗಳು ನಕ್ಷತ್ರಮೀನುಗಳನ್ನು ಹಿಡಿದು ಒಣಗಿಸಿಯೋ ಮದ್ಯಸಾರದಲ್ಲಿ ಮುಳುಗಿಸಿಯೋ ಇಡುತ್ತಿದ್ದರು. ವಸ್ತುಸಂಗ್ರಹಾಲಯಗಳ ಕಪಾಟಿನಲ್ಲಿರುವ ಅಂಥ ಮಾದರಿಗಳಲ್ಲಿ ಮುಳ್ಳು, ಫಲಕಗಳು ಸ್ಪಷ್ಟವಾಗಿ ಉಳಿದಿವೆ. ಆದರೆ ಬಣ್ಣ ಮಾಸಿ ಎಲ್ಲವೂ ಒಣಹುಲ್ಲಿನಂತೆ ಕಾಣುತ್ತವೆ. ಜೀವಂತ ಪ್ರಾಣಿ ಹೇಗೆ ಕುಳಿತಿತ್ತು, ಏನನ್ನು ತಿನ್ನುತ್ತಿತ್ತು, ಪಕ್ಕದಲ್ಲಿ ಯಾವುದಿತ್ತು ಎಂಬುದನ್ನು ಅವು ಹೇಳಲಾರವು. ಛಾಯಾಚಿತ್ರವು ಇವೆಲ್ಲವನ್ನೂ ಹೇಳಬಲ್ಲುದು; ಅದೂ ಪ್ರಾಣಿಯನ್ನು ಕೊಲ್ಲದೆ. 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ಎಂಬ ಜೀವವಿಜ್ಞಾನಿ ಮೆಡಿಟರೇನಿಯನ್ ತೀರದ ಬಾನ್ಯುಲ್ಸ್ ಎಂಬಲ್ಲಿ ನೀರು ಹೊಗದ ಪೆಟ್ಟಿಗೆಯಲ್ಲಿ ಕ್ಯಾಮರಾವನ್ನಿರಿಸಿ ಕಡಲಿನೊಳಗಿನ ಚಿತ್ರಗಳನ್ನು ತೆಗೆದನು. ಮಂದ ಬೆಳಕಿನಿಂದಾಗಿ ಆಗ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕಾಯಬೇಕಾಗಿತ್ತು. ಅಷ್ಟು ಹೊತ್ತು ಯಾವ ಮೀನು ತಾನೇ ಕದಲದೆ ನಿಂತೀತು? ಇಂದು ಜೇಬಿನೊಳಗಿನ ದೂರವಾಣಿಯೇ ಕ್ಷಣಾರ್ಧದಲ್ಲಿ ಆ ಕೆಲಸವನ್ನು ಮಾಡುತ್ತದೆ. ಸಾಧನ ಸುಲಭವಾಯಿತು, ಉಪಯುಕ್ತವಾದ ಚಿತ್ರ ಮಾತ್ರ ಸುಲಭವಾಗಲಿಲ್ಲ.

ಅಂದದ ಚಿತ್ರ ಬೇರೆ, ಗುರುತಿನ ಚಿತ್ರ ಬೇರೆ. ಅಸ್ತಮಾನದ ಹೊಂಬೆಳಕಿನಲ್ಲಿ ಓರೆಯಾಗಿ ತೆಗೆದ ನಕ್ಷತ್ರಮೀನಿನ ಚಿತ್ರವು ಗೋಡೆಗೆ ಒಪ್ಪಬಹುದು. ಆದರೆ ಓರೆಯಿಂದ ನೋಡಿದಾಗ ಹತ್ತಿರದ ತೋಳು ಉದ್ದವಾಗಿ, ದೂರದ ತೋಳು ಗಿಡ್ಡವಾಗಿ ತೋರಿ, ಮೇಲೆ ಹೇಳಿದ ಅಳತೆಯ ಪ್ರಮಾಣವೆಲ್ಲ ಕೆಟ್ಟುಹೋಗುತ್ತದೆ. ಆದುದರಿಂದ ಮೊದಲ ಚಿತ್ರವನ್ನು ನೆತ್ತಿಯ ನೇರಕ್ಕೆ ನಿಂತು, ಎಲ್ಲ ತೋಳುಗಳ ತುದಿಯೂ ಬರುವಂತೆ ತೆಗೆಯಬೇಕು. ಪಕ್ಕದಲ್ಲೊಂದು ಅಳತೆಪಟ್ಟಿಯಿರಬೇಕು. ಕೆಲವರು ನಾಣ್ಯವನ್ನಿಡುವುದುಂಟು; ಆದರೆ ಒಂದು ದೇಶದ ನಾಣ್ಯದ ಅಳತೆ ಇನ್ನೊಂದು ದೇಶದವನಿಗೆ ಹೇಗೆ ತಿಳಿಯಬೇಕು? ಆಮೇಲೆ ಹತ್ತಿರದಿಂದ ಮುಳ್ಳುಗಳ ಹೆಣಿಗೆಯ ಚಿತ್ರ, ಜರಡಿಫಲಕದ ಚಿತ್ರ, ತೋಳಿನ ಅಂಚಿನ ಚಿತ್ರ. ಮುಳ್ಳುಗಳ ನಡುವೆ ಕೆಲವು ಜಾತಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಕ್ಕುಳಗಳಿರುತ್ತವೆ. ಮೈಮೇಲೆ ಬಂದು ಕೂರುವ ಕ್ಷುದ್ರಜೀವಿಗಳನ್ನು ಅವು ಹಿಡಿದು ದೂರಮಾಡುತ್ತವೆ. ಕಾವಿ ನಕ್ಷತ್ರದ ಬೆನ್ನಿಗೆ ಮುಂದೋಳನ್ನು ಒತ್ತಿ ಹಿಡಿದರೆ ಈ ಇಕ್ಕುಳಗಳು ಅಲ್ಲಿನ ರೋಮಗಳನ್ನು ಕಚ್ಚಿಕೊಳ್ಳುತ್ತವೆ!

ಬಂಡೆಯ ಕುಳಿಯಲ್ಲಿ ನಿಂತ ನೀರಿನ ಮೇಲೆ ಆಕಾಶದ ಹೊಳಪು ಬಿದ್ದು ಒಳಗಿನ ಪ್ರಾಣಿಯೇ ಕಾಣದಂತಾಗುವುದು ಸಾಮಾನ್ಯವಾದ ತೊಡಕು. ಇದಕ್ಕೆ ಬಹಳ ಖರ್ಚಿನ ಪರಿಹಾರವೇನೂ ಬೇಡ. ಕೊಡೆಯೊಂದನ್ನು ಬಿಚ್ಚಿ ನೆರಳು ಮಾಡಿದರೆ ಸಾಕು. ಆಳದ ನೀರಿನ ತೊಡಕು ಬೇರೆ. ನೀರು ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಆಳದಲ್ಲಿ ರಕ್ತ ನಕ್ಷತ್ರವು ಮಣ್ಣುಬಣ್ಣಕ್ಕೆ ತಿರುಗಿ ಕಾಣುತ್ತದೆ. ಮುಳುಗುಗಾರರು ಕೃತಕ ಬೆಳಕನ್ನು ಒಯ್ದಾಗ ಮಾತ್ರ ಅದರ ನಿಜವಾದ ಕೆಂಪು ಮರಳಿ ಬರುತ್ತದೆ. ಆ ದೀಪವನ್ನು ಕ್ಯಾಮರಾದ ನೇರಕ್ಕೆ ಹಿಡಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಚಿತ್ರದಲ್ಲಿ ಹಿಮ ಸುರಿದಂತಾಗುತ್ತದೆ. ಆದುದರಿಂದ ಅದನ್ನು ಪಕ್ಕಕ್ಕೆ ಹಿಡಿಯುತ್ತಾರೆ.

ಕೆಳಮೈಯ ಚಿತ್ರವೂ ಗುರುತಿಗೆ ಬಹು ಮುಖ್ಯ. ನಮ್ಮ ದೇಶದ ಮರಳುತೀರಗಳಲ್ಲಿ ಸಿಗುವ ಆಸ್ಟ್ರೊಪೆಕ್ಟೆನ್ ಕುಲದ ನಕ್ಷತ್ರಮೀನನ್ನು ಮಗುಚಿ ನೋಡಿದರೆ ಅದರ ನಾಳಪಾದಗಳ ತುದಿ ಚೂಪಾಗಿದ್ದು, ಅಂಟುವ ಬಟ್ಟಲುಗಳಿಲ್ಲದಿರುವುದು ಕಾಣುತ್ತದೆ. ಮರಳಿನಲ್ಲಿ ಹೂತುಕೊಳ್ಳುವ ಪ್ರಾಣಿಗೆ ಅಂಟುವ ಪಾದವೇಕೆ? ಮರಳಿನ ಮೇಲಿರುವುದನ್ನು ಮೆಲ್ಲನೆ ಮಗುಚಿ, ನೋಡಿ, ಮತ್ತೆ ಮೊದಲಿನಂತೆ ಇರಿಸಬಹುದು. ಬಂಡೆಗೆ ಅಂಟಿದ ಕಾವಿ ನಕ್ಷತ್ರದ ವಿಷಯ ಹಾಗಲ್ಲ. ಅಲೆಗಳ ಹೊಡೆತಕ್ಕೂ ಜಗ್ಗದೆ ಕುಳಿತ ಅದನ್ನು ಬಲವಂತವಾಗಿ ಕಿತ್ತರೆ ನಾಳಪಾದಗಳು ಹರಿದು ಬಂಡೆಯ ಮೇಲೆಯೇ ಉಳಿಯುತ್ತವೆ. ಒಂದು ಚಿತ್ರಕ್ಕಾಗಿ ಪ್ರಾಣಿಯನ್ನು ಕುಂಟುಮಾಡುವುದು ಕ್ರೌರ್ಯವೆಂದಲ್ಲದೆ ಬೇರೆ ಹೆಸರಿಲ್ಲ. ಚಾಚಿಕೊಂಡ ಬಂಡೆಯ ಕೆಳಗೆ ಪುಟ್ಟ ಕನ್ನಡಿಯನ್ನು ತೂರಿಸಿ, ಅದರಲ್ಲಿ ಕಾಣುವ ಪ್ರತಿಬಿಂಬದ ಚಿತ್ರವನ್ನು ತೆಗೆಯುವ ಉಪಾಯ ಬಲ್ಲವರು ಕೀಳುವ ಗೋಜಿಗೆ ಹೋಗುವುದಿಲ್ಲ.

ಇಷ್ಟಾದರೂ ಕೆಲವೆಡೆ ಚಿತ್ರ ಸೋಲುತ್ತದೆ. ರಕ್ತ ನಕ್ಷತ್ರಗಳ ಹೆನ್ರೀಸಿಯ ಕುಲದಲ್ಲಿ ಒಂದನ್ನೊಂದು ಹೋಲುವ ಹಲವು ಜಾತಿಗಳಿವೆ; ಸೂಕ್ಷ್ಮದರ್ಶಕದಲ್ಲಿ ಮುಳ್ಳುಗಳನ್ನು ಪರೀಕ್ಷಿಸದೆ ಅವುಗಳನ್ನು ಬೇರ್ಪಡಿಸುವುದು ತಜ್ಞರಿಗೂ ಕಷ್ಟ. ಹವಳವನ್ನು ತಿಂದು ಹಾಳುಮಾಡುವ ಮುಳ್ಳುಕಿರೀಟದ ನಕ್ಷತ್ರಮೀನು ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳಲ್ಲೆಲ್ಲ ಒಂದೇ ಜಾತಿಯೆಂದು ಬಹುಕಾಲ ಎಣಿಸಲಾಗಿತ್ತು. ಅದರಲ್ಲಿ ನಾಲ್ಕು ಜಾತಿಗಳು ಅಡಗಿವೆಯೆಂದು 2008ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ತಿಳಿಯಿತು. ಆದುದರಿಂದ ಬಲ್ಲವರು ಸಂದೇಹವಿದ್ದಲ್ಲಿ ಕುಲದ ಹೆಸರನ್ನಷ್ಟೇ ಬರೆದು ಸುಮ್ಮನಾಗುತ್ತಾರೆ. ತಪ್ಪು ಹೆಸರಿಗಿಂತ ಅರ್ಧ ಹೆಸರು ಮೇಲು. ದಿನಾಂಕ, ಸ್ಥಳ, ನೀರಿನ ಆಳ, ಬಂಡೆಯೋ ಮರಳೋ ಎಂಬ ವಿವರ ಇವಿಷ್ಟು ಚಿತ್ರದೊಡನೆ ಇದ್ದರೆ, ಹೆಸರನ್ನು ಮುಂದೆ ಯಾರಾದರೂ ತುಂಬಿಯಾರು. ಅವಿಲ್ಲದ ಚಿತ್ರಕ್ಕೆ ಎಂಥ ಪಂಡಿತನೂ ಬೆಲೆ ತಂದುಕೊಡಲಾರ.

ಒಂದು ನಕ್ಷತ್ರಮೀನಿನ ಹೆಸರು ತಿಳಿದರೇನು, ತಿಳಿಯದಿದ್ದರೇನು? ಇದಕ್ಕೆ ಮೊದಲ ಉತ್ತರವನ್ನು ಕೊಟ್ಟವರು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರಾಬರ್ಟ್ ಪೇನ್. ಅವರು 1963ರಲ್ಲಿ ವಾಷಿಂಗ್ಟನ್ ರಾಜ್ಯದ ಮುಕ್ಕಾ ಕೊಲ್ಲಿಯ ಬಂಡೆತೀರದಲ್ಲಿ ಎಂಟು ಮೀಟರ್ ಉದ್ದ, ಎರಡು ಮೀಟರ್ ಎತ್ತರದ ಭಾಗವೊಂದನ್ನು ಆರಿಸಿಕೊಂಡು, ಅಲ್ಲಿದ್ದ ಕಾವಿ ನಕ್ಷತ್ರಗಳನ್ನೆಲ್ಲ ತೆಗೆದುಹಾಕಿದರು. ಮತ್ತೆ ಬಂದವನ್ನು ಮತ್ತೆ ತೆಗೆದರು. ಪಕ್ಕದ ಬಂಡೆಯನ್ನು ಹಾಗೆಯೇ ಬಿಟ್ಟರು. ಕಾವಿ ನಕ್ಷತ್ರದ ಮುಖ್ಯ ಆಹಾರವೆಂದರೆ, ನಮ್ಮ ದಕ್ಷಿಣ ಕನ್ನಡದವರು ಪಚ್ಚಿಲೆಯೆಂದು ಕರೆಯುವ ಚಿಪ್ಪುಜೀವಿಯ ಬಳಗಕ್ಕೆ ಸೇರಿದ ಪ್ರಾಣಿ. ತಿನ್ನುವವರಿಲ್ಲದೆ ಹೋದಾಗ ಅದು ಬಂಡೆಯ ಮೇಲೆಲ್ಲ ಹಬ್ಬಿ ಉಳಿದ ಜೀವಿಗಳಿಗೆ ಕಾಲಿಡಲೂ ಎಡೆಯಿಲ್ಲದಂತೆ ಮಾಡತೊಡಗಿತು. ಮೊದಲು ಹದಿನೈದು ಜಾತಿಗಳಿದ್ದ ಬಂಡೆಯಲ್ಲಿ ಎಂಟು ಮಾತ್ರ ಉಳಿದವು. 1966ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದ ಪೇನ್, 1969ರಲ್ಲಿ ಇಂಥ ಜೀವಿಗೆ ಕಮಾನಿನ ನೆತ್ತಿಗಲ್ಲಿನ ಹೆಸರನ್ನು ಕೊಟ್ಟರು. ಕಮಾನಿನ ಕಲ್ಲುಗಳಲ್ಲಿ ಅದು ದೊಡ್ಡದೇನೂ ಅಲ್ಲ. ಆದರೆ ಅದನ್ನು ತೆಗೆದರೆ ಉಳಿದ ಕಲ್ಲುಗಳು ನಿಲ್ಲವು. ಎಲ್ಲ ನಕ್ಷತ್ರಮೀನುಗಳೂ ನೆತ್ತಿಗಲ್ಲುಗಳಲ್ಲ. ಪುಟ್ಟ ಆರು ತೋಳಿನದನ್ನು ತೆಗೆದಿದ್ದರೆ ಪಚ್ಚಿಲೆಯ ದಂಡಯಾತ್ರೆ ನಡೆಯುತ್ತಿರಲಿಲ್ಲ.

ಪೇನ್ ಬೇಕೆಂದು ಮಾಡಿದ ಪ್ರಯೋಗವನ್ನು ಐವತ್ತು ವರ್ಷಗಳ ಬಳಿಕ ಪ್ರಕೃತಿ ಭೀಕರವಾದ ಪ್ರಮಾಣದಲ್ಲಿ ತಾನೇ ಮಾಡಿತು. 2013ರ ಜೂನ್ ತಿಂಗಳಲ್ಲಿ ವಾಷಿಂಗ್ಟನ್ ರಾಜ್ಯದ ತೀರದಲ್ಲಿ ಕಾವಿ ನಕ್ಷತ್ರಗಳ ಮೈಮೇಲೆ ಬಿಳಿಯ ಹುಣ್ಣುಗಳು ಕಂಡುಬಂದವು. ಬೇಸಿಗೆ ಕಳೆಯುವಷ್ಟರಲ್ಲಿ ವ್ಯಾಂಕೋವರ್ ನಗರದ ಬಳಿಯ ಹೌ ಸೌಂಡ್ ಎಂಬ ಕಡಲಚಾಚಿನಲ್ಲಿ ಹವ್ಯಾಸಿ ಮುಳುಗುಗಾರರು ವಿಚಿತ್ರವಾದ ದೃಶ್ಯವನ್ನು ಕಂಡರು. ಪಿಕ್ನೊಪೋಡಿಯ ಎಂಬ ಸೂರ್ಯಕಾಂತಿ ನಕ್ಷತ್ರಗಳು ತಳದಲ್ಲೆಲ್ಲ ಸತ್ತು ಬಿದ್ದಿದ್ದವು. ಹದಿನಾರರಿಂದ ಇಪ್ಪತ್ತನಾಲ್ಕು ತೋಳುಗಳುಳ್ಳ, ಒಂದು ಮೀಟರ್ ಅಗಲದವರೆಗೂ ಬೆಳೆಯುವ, ನಿಮಿಷಕ್ಕೆ ಒಂದು ಮೀಟರಿನಷ್ಟು ದೂರ ಸಾಗಬಲ್ಲ ಈ ಪ್ರಾಣಿ ನಕ್ಷತ್ರಮೀನುಗಳ ಲೋಕದ ಹುಲಿ. ಅಂಥ ಹುಲಿಯ ತೋಳುಗಳು ಮೊದಲು ತಿರುಚಿಕೊಳ್ಳುತ್ತಿದ್ದವು; ಮೈ ಗಾಳಿ ಹೋದ ಚೆಂಡಿನಂತೆ ಕುಸಿಯುತ್ತಿತ್ತು; ಬಳಿಕ ತೋಳುಗಳು ನಡುಮೈಯಿಂದ ಕಳಚಿ ತಮ್ಮಷ್ಟಕ್ಕೆ ತಾವೇ ಒಂದೊಂದು ದಿಕ್ಕಿಗೆ ತೆವಳಿ ಹೋಗುತ್ತಿದ್ದವು. ಕೆಲವು ದಿನಗಳಲ್ಲಿ ಉಳಿಯುತ್ತಿದ್ದುದು ಬಿಳಿಯ ಲೋಳೆ ಮಾತ್ರ.

ಪ್ರಾಣಿಯೊಂದು ಮಾಯವಾದುದನ್ನು ಅಳೆಯಬೇಕಾದರೆ ಮೊದಲು ಅದು ಎಷ್ಟಿತ್ತೆಂಬುದು ತಿಳಿದಿರಬೇಕು. ಲೋಳೆಯಾಗಿ ಕರಗುವ ಪ್ರಾಣಿ ಎಲುಬನ್ನೂ ಚಿಪ್ಪನ್ನೂ ಸಾಕ್ಷಿಯಾಗಿ ಬಿಟ್ಟುಹೋಗುವುದಿಲ್ಲ. ಆಗ ನೆರವಿಗೆ ಬಂದುದು ಎಷ್ಟೋ ವರ್ಷಗಳಿಂದ ವಿಜ್ಞಾನಿಗಳೂ ಹವ್ಯಾಸಿಗಳೂ ಬರೆದಿಟ್ಟ ಎಣಿಕೆಗಳು, ದಿನಾಂಕ ಸ್ಥಳಗಳೊಡನೆ ಕೂಡಿಟ್ಟ ಚಿತ್ರಗಳು. ಅಲಾಸ್ಕದಿಂದ ಮೆಕ್ಸಿಕೊವರೆಗಿನ 61,000ಕ್ಕೂ ಹೆಚ್ಚು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೂರ್ಯಕಾಂತಿ ನಕ್ಷತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಳಿದಿವೆಯೆಂದೂ, ಸತ್ತವುಗಳ ಸಂಖ್ಯೆ ಸುಮಾರು 575 ಕೋಟಿಯೆಂದೂ ಅಂದಾಜಾಯಿತು. 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಜಾತಿಯನ್ನು ಅತ್ಯಂತ ಅಪಾಯದಲ್ಲಿರುವವುಗಳ ಪಟ್ಟಿಗೆ ಸೇರಿಸಿತು. ರೋಗ ತಗಲಿದುದು ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿಗೆ. ಆದರೆ ಎಲ್ಲಕ್ಕೂ ಒಂದೇ ತೆರನಾಗಿ ಅಲ್ಲ. ಸೂರ್ಯಕಾಂತಿ, ಕಾವಿ, ಎವಾಸ್ಟೀರಿಯಾಸ್‌ಗಳಿಗೆ ಬಿದ್ದ ಪೆಟ್ಟು ಬಾವಲಿ ನಕ್ಷತ್ರಕ್ಕೂ ಚರ್ಮ ನಕ್ಷತ್ರಕ್ಕೂ ಅಷ್ಟಾಗಿ ಬೀಳಲಿಲ್ಲ. ಎಲ್ಲವನ್ನೂ ಬರಿದೆ ನಕ್ಷತ್ರಮೀನು ಎಂದು ಬರೆದಿಟ್ಟಿದ್ದರೆ ಈ ಭೇದ ಯಾರಿಗೂ ಗೋಚರವಾಗುತ್ತಿರಲಿಲ್ಲ.

ಪರಿಣಾಮವು ಕಾಣಿಸಿಕೊಳ್ಳಲು ತಡವಾಗಲಿಲ್ಲ. ಸೂರ್ಯಕಾಂತಿ ನಕ್ಷತ್ರವು ಅರ್ಚಿನ್‌ಗಳನ್ನು ತಿನ್ನುತ್ತದೆ. ಅರ್ಚಿನ್‌ಗಳು ಕೆಲ್ಪ್ ಎಂಬ ದೈತ್ಯ ಕಡಲಪಾಚಿಯನ್ನು ತಿನ್ನುತ್ತವೆ. ನಕ್ಷತ್ರ ಹೋದ ಮೇಲೆ ಅರ್ಚಿನ್‌ಗಳನ್ನು ತಡೆಯುವವರಿಲ್ಲವಾಯಿತು. ಅದೇ ಕಾಲದಲ್ಲಿ, 2014ರಿಂದ 2016ರವರೆಗೆ, ಸಮುದ್ರದ ನೀರು ಎಂದಿಗಿಂತ ಬೆಚ್ಚಗಾಗಿ ಪಾಚಿಯ ಬೆಳವಣಿಗೆಯೂ ಕುಂದಿತ್ತು. ಎರಡೂ ಸೇರಿ ಉತ್ತರ ಕ್ಯಾಲಿಫೋರ್ನಿಯದ ಕಡಲಿನೊಳಗಿನ ಕೆಲ್ಪ್ ಕಾಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಆ ಕಾಡನ್ನು ನಂಬಿದ್ದ ಮೀನು, ಶಂಖ, ಏಡಿಗಳ ಪಾಡನ್ನು ಊಹಿಸಿಕೊಳ್ಳಬಹುದು.

ರೋಗದ ಕಾರಣವನ್ನು ಕಂಡುಹಿಡಿಯಲು ಹನ್ನೆರಡು ವರ್ಷಗಳು ಹಿಡಿದವು. 2014ರಲ್ಲಿ ವೈರಸ್ಸೊಂದರ ಮೇಲೆ ಸಂದೇಹ ಹುಟ್ಟಿತು. ಆದರೆ ಅದೇ ವೈರಸ್ಸು ಆರೋಗ್ಯವಂತ ಪ್ರಾಣಿಗಳಲ್ಲಿಯೂ ಕಂಡುಬಂದುದರಿಂದ ಆ ವಾದ ನಿಲ್ಲಲಿಲ್ಲ. 2025ರ ಆಗಸ್ಟಿನಲ್ಲಿ ಕೆನಡಾ ಮತ್ತು ಅಮೆರಿಕದ ಸಂಶೋಧಕರು ವಿಬ್ರಿಯೊ ಪೆಕ್ಟೆನಿಸೈಡ ಎಂಬ ಬ್ಯಾಕ್ಟೀರಿಯವೇ ಸೂರ್ಯಕಾಂತಿ ನಕ್ಷತ್ರಗಳ ಈ ರೋಗಕ್ಕೆ ಕಾರಣವೆಂದು ಪ್ರಕಟಿಸಿದರು. ರೋಗಿಯ ಮೈದ್ರವದಿಂದ ಅದನ್ನು ಬೇರ್ಪಡಿಸಿ ಬೆಳೆಸಿ, ಆರೋಗ್ಯವಂತ ಪ್ರಾಣಿಗೆ ತಗಲಿಸಿದಾಗ ಅದೇ ರೋಗ ಬಂದಿತು. ಕಾಲರಾ ರೋಗವನ್ನು ತರುವ ಬ್ಯಾಕ್ಟೀರಿಯವೂ ಇದೇ ವಿಬ್ರಿಯೊ ಕುಲಕ್ಕೆ ಸೇರಿದುದು.

ಈ ನಡುವೆ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್ ಪ್ರಯೋಗಶಾಲೆಯಲ್ಲಿ 2019ರಿಂದ ಸೂರ್ಯಕಾಂತಿ ನಕ್ಷತ್ರಗಳನ್ನು ಮೊಟ್ಟೆಯಿಂದ ಸಾಕಿ ಬೆಳೆಸುವ ಕಾರ್ಯ ನಡೆಯುತ್ತಿದೆ. ಹೊರಗೆ ಬಂಡೆಗಳ ನಡುವೆ, ರೋಗದಿಂದ ಪಾರಾದವುಗಳ ಮರಿಗಳಿಗಾಗಿ ಜನರು ಇಳಿತದ ವೇಳೆಯಲ್ಲಿ ಕ್ಯಾಮರಾ ಹಿಡಿದು ಹುಡುಕುತ್ತಾರೆ. ಹುಡುಕುವುದು ಸುಲಭವಲ್ಲ. ಇಪ್ಪತ್ತು ತೋಳಿನ ಆ ಪ್ರಾಣಿ ಎಳವೆಯಲ್ಲಿ ಉಗುರಿನಷ್ಟಿದ್ದು, ಅದಕ್ಕೂ ಐದೇ ತೋಳುಗಳಿರುತ್ತವೆ. ಬಳಿಕ ಆರನೆಯದು ಮೂಡುತ್ತದೆ. ಆ ಹಂತದಲ್ಲಿ ಅದನ್ನು ಕಂಡವರು ಪುಟ್ಟ ಆರು ತೋಳಿನ ಲೆಪ್ಟಾಸ್ಟೀರಿಯಾಸ್ ಎಂದು ಬರೆದು ಮುಂದೆ ಹೋಗುವುದು ಸಹಜ. ಆದುದರಿಂದ ಅಂಥದೊಂದು ಕಣ್ಣಿಗೆ ಬಿದ್ದಾಗ ಅವರು ಮೊಣಕಾಲೂರಿ ಕುಳಿತು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ತೋಳುಗಳ ನಡುವಣ ಸಂದುಗಳ ಚಿತ್ರವನ್ನು ತೆಗೆಯುತ್ತಾರೆ. ಲೆಪ್ಟಾಸ್ಟೀರಿಯಾಸ್‌ನ ಆರು ತೋಳುಗಳೂ ಸಾಮಾನ್ಯವಾಗಿ ಒಂದೇ ಉದ್ದ. ಸೂರ್ಯಕಾಂತಿಯ ಮರಿಯಲ್ಲಾದರೆ ಆ ಸಂದುಗಳಲ್ಲಿ ಮುಂದಿನ ಜೋಡಿ ತೋಳುಗಳು ಅಕ್ಕಿಕಾಳಿನ ಮೊಳಕೆಯಂತೆ ಇಣುಕುತ್ತಿರುತ್ತವೆ.